ಕಿನ್ನಾಳದ ಕಿಟ್ಟದಲ್ಲಿ ನಾಲ್ಕಡಿ ಆಮೆ: ನನ್ನ ಅನುಭವ

ಕಿಟ್ಟ ಅಂದರೆ ಗೋಣಿನಾರು, ಹುಣಸೆ ಬೀಜದ ಅಂಟು ಕಲಸಿದ ಮುದ್ದೆ. ಅದರಲ್ಲಿ ಗೌರಿ ಮಾಡು, ಗರುಡ ಮಾಡು, ನಾಲ್ಕಡಿ ಆಮೆಚಿಪ್ಪು ಮಾತ್ರ ನಿಲ್ಲಂಗಿಲ್ಲ ಅಂತ ಕೊಪ್ಪಳ ಜಿಲ್ಲೆಯ ಕಿನ್ನಾಳದ ನಮ್ಮ ಗೊಂಬೆಗಾರರ ಓಣಿಯಲ್ಲಿ ಹೇಳದವರೇ ಇರಲಿಲ್ಲ. ಈಗ ಬಳ್ಳಾರಿಯ ಒಂದು ಶಾಲೆಯಲ್ಲಿ ಎರಡು ನಿಂತಿವೆ. ಅಲ್ಲಿನ ಬೇಸಿಗೆ ಕಳೆದರೂ ಕೂದಲೆಳೆಯಷ್ಟು ಬಿರುಕಿಲ್ಲ.

"ತಮ್ಮಾ, ಫೈಬರ್ ಹಾಕಿ ಕೈ ತೊಳಕೊಳ್ಳಪಾ" ಅಂದರು ಕಾಕಾ. ವಿಚಾರಿಸಿದೆ, ಒಂದಕ್ಕೇ ನಲವತ್ತು ಸಾವಿರದ ಹತ್ತಿರ. ಶಾಲೆಯವರು ಒಪ್ಪಿದ್ದು ಎರಡಕ್ಕೂ ಸೇರಿ ಅರವತ್ತು ಚಿಲ್ಲರೆ.

ಮೊದಲು ರೂಢಿಯಂತೆ ಹಗುರ ಕಟ್ಟಿಗೆ ಜೋಡಿಸಿ ಮೇಲೆ ಕಿಟ್ಟ ಮೆತ್ತಿದೆ. ಎತ್ತಲು ನಾಲ್ಕು ಆಳು ಬೇಕಾಯಿತು. ಬಿಸಿಲಿಗೆ ಕಟ್ಟಿಗೆ ಒಂದು ಕಡೆ ಎಳೆಯಿತು, ಕಿಟ್ಟ ಇನ್ನೊಂದು ಕಡೆ, ಬೆನ್ನ ನಡುವೆ ಸೀಳು. ಆಮೇಲೆ ಹುತ್ತದ ಮಣ್ಣಿನ ಅಚ್ಚಿನ ಮೇಲೆ ಬರೀ ಕಿಟ್ಟ ಹಚ್ಚಿ ತೆಗೆದರೆ ಹಪ್ಪಳದಂಗೆ ಮುರುಟಿತು. ಹುಣಸೆ ಬೀಜ, ಗೋಣಿ, ಕೂಲಿ ಅಂತ ಎಂಟೊಂಬತ್ತು ಸಾವಿರ ಹೋಯಿತು. ಮನೆಯಲ್ಲಿ ಮಾತು ಬೇರೆ.

ದಾರಿ ತೋರಿಸಿದ್ದು ಆಮೆಯೇ. ಅದರ ಬೆನ್ನಚಿಪ್ಪು ಅಂದರೆ ಬೆನ್ನೆಲುಬು, ಪಕ್ಕೆಲುಬುಗಳೇ ಅಗಲವಾಗಿ ಒಂದಕ್ಕೊಂದು ಬೆಸೆದದ್ದು. ದ್ವೀಪದ ದೈತ್ಯ ಆಮೆಗಳಲ್ಲಿ ಆ ಎಲುಬೂ ಇಡೀ ಗಟ್ಟಿಯಲ್ಲ, ಒಳಗೆ ಜೇನುಗೂಡಿನಂಥ ಸಣ್ಣ ಗೂಡುಗಳು. ಇನ್ನೂರು ಕೆಜಿ ದಾಟುವ ಪ್ರಾಣಿ ಆ ಚಿಪ್ಪು ಹೊತ್ತು ತಿರುಗುತ್ತದೆ ಅಂದಮೇಲೆ ನಾನ್ಯಾಕೆ ಗಟ್ಟಿ ತುಂಬಬೇಕು? ನಡುವೆ ಒಂದು ಬಿದಿರು, ಅದರಿಂದ ಬಾಗಿಸಿದ ದಬ್ಬೆಗಳು, ನಡುನಡುವೆ ಕಿಟ್ಟದ ತೆಳು ಗೂಡು, ಮೇಲೊಂದು ಕೆಳಗೊಂದು ಪದರ. ಮೇಲಿನ ಹದಿಮೂರು ದೊಡ್ಡ ಫಲಕಗಳನ್ನು, ನಡುವೆ ಐದು, ಅಕ್ಕಪಕ್ಕ ನಾಲ್ಕು ನಾಲ್ಕು, ಬೇರೆಬೇರೆ ಒಣಗಿಸಿ ಕೂರಿಸಿದೆ. ಒಂದೊಂದು ಚಿಪ್ಪು ಇಪ್ಪತ್ತೈದು ಕೆಜಿ ಒಳಗೇ. ಅಂಟಿಗೆ ಎಷ್ಟು ಮೈಲುತುತ್ತ, ಗೂಡಿನ ಪದರ ಯಾವ ಹದಕ್ಕೆ ಬಂದಾಗ ಒತ್ತಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಗೋಣಿ ಬದಲು ಗಂಗಾವತಿ ಮಿಲ್ಲಿನ ಭತ್ತದ ಹೊಟ್ಟು ಹಾಕಿ ನೋಡಿದೆ. ಪುಕ್ಕಟೆ, ಹಗುರ, ಆದರೆ ನುಣುಪು ಬರಲ್ಲ. ಕಾಲಿನ ಒರಟು ಚರ್ಮಕ್ಕೆ ಬಲು ಚೆಂದ ಬಂತು, ಅಲ್ಲಿಗೇ ಬಳಸಿದೆ.

ಶಾಲೆಯವರು ಕೊಟ್ಟ ಆಮೆಯ ಫೋಟೋದ ಕೆಳಗೆ ಗಾಲಪಗೋಸ್ (ಪೆಸಿಫಿಕ್ ಸಾಗರದ ದ್ವೀಪಗಳು) ಅಂತಿತ್ತು. ಕುತ್ತಿಗೆಯ ನೇರ ಮೇಲೆ, ಚಿಪ್ಪಿನ ಅಂಚಿನಲ್ಲಿ ಒಂದು ಪುಟ್ಟ ಫಲಕ ಕಂಡಿತು. ಗಾಲಪಗೋಸ್ ಆಮೆಗೆ ಅದಿರಲ್ಲ, ಇದು ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪದ್ದು ಅಂದೆ. ಕೋಲ್ಕತ್ತಾದ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ಸತ್ತ ಅದ್ವೈತ ಅನ್ನೋ ಆಮೆ ಅದೇ ಜಾತಿ. ಅಲ್ಲಿದ್ದ ವಿಜ್ಞಾನದ ಮೇಷ್ಟ್ರು ಆಮೇಲೆ ನನ್ನನ್ನು "ಸರ್" ಅನ್ನತೊಡಗಿದರು! ಹಾಗಾಗಿ ಗುಮ್ಮಟದಂಥ ಅಲ್ಡಾಬ್ರಾ ಒಂದು, ಗಾಲಪಗೋಸ್‌ನ ತಡಿ ಬೆನ್ನಿನದು, ಅಂದರೆ ಕುದುರೆ ಜೀನಿನಂಥ ಬೆನ್ನಿನದು, ಒಂದು ಅಂತ ತೀರ್ಮಾನವಾಯಿತು.

ತಡಿ ಬೆನ್ನಿನದೇ ಜೀವ ತಿಂದದ್ದು. ಎಸ್ಪನೋಲಾ, ಪಿಂಟಾದಂಥ ಒಣ ದ್ವೀಪಗಳಲ್ಲಿ ನೆಲದಲ್ಲಿ ಹುಲ್ಲು ಕಡಿಮೆ, ನಮ್ಮ ಪಾಪಾಸುಕಳ್ಳಿ ಜಾತಿಯ ಗಿಡವೇ ಅಲ್ಲಿ ಮರವಾಗಿ ನಿಂತಿರುತ್ತದೆ. ಅದಕ್ಕೆ ಕುತ್ತಿಗೆ ಎತ್ತಲು ಚಿಪ್ಪಿನ ಮುಂದಿನ ಅಂಚು ಮೇಲಕ್ಕೆದ್ದಿರುತ್ತದೆ. ಕಿಟ್ಟ ಒಣಗುವಾಗ ಆ ಅಂಚು ಮತ್ತೆಮತ್ತೆ ಜೋತುಬೀಳುತ್ತಿತ್ತು. ಹಗ್ಗ ಕಟ್ಟಿ ಜಂತಿಗೆ ನೇತುಹಾಕಿ, ನೆರಳಲ್ಲೇ ಒಣಗಿಸಿದ ಮೇಲೆ ನಿಂತಿತು.

ಫಲಕದ ಮೇಲೆ ಬೆಳವಣಿಗೆಯ ಸುತ್ತುಗೆರೆ ದಪ್ಪಗಿರಲಿ ಅಂದರು ಶಾಲೆಯವರು. ನಾನು ಒಪ್ಪಲಿಲ್ಲ. ಮುದಿ ಆಮೆಯಲ್ಲಿ ಅವು ಸವೆದು ನುಣುಪಾಗಿರುತ್ತವೆ. ಗಂಡಾಮೆಯ ಹೊಟ್ಟೆಚಿಪ್ಪು ಹೆಣ್ಣಿನ ಮೇಲೇರಲು ಅನುಕೂಲವಾಗುವಂತೆ ತಗ್ಗಿರುತ್ತದೆ, ಅದನ್ನೂ ಮಾಡಿದ್ದೇನೆ, ಬಗ್ಗಿ ನೋಡುವವರಿಗೆ.

ಗಾಡಿ ಬಾಡಿಗೆ ಕಳೆದು ಕೈಗೆ ಹದಿನೈದು ಸಾವಿರ ಉಳಿದಿರಬೇಕು, ಕೊನೆಯ ಕಂತಿಗೆ ತಿಂಗಳುಗಟ್ಟಲೆ ಓಡಾಡಿದ್ದು ಬಿಟ್ಟು. ಈಗ ಹೊಸಪೇಟೆಯಿಂದ ಒಬ್ಬರು ಪಿಂಟಾ ದ್ವೀಪದ ಕೊನೆಯ ಆಮೆ, 2012ರಲ್ಲಿ ಸತ್ತ ಲೋನ್‌ಸಮ್ ಜಾರ್ಜ್ ಬೇಕು ಅಂತಿದ್ದಾರೆ, ಕುತ್ತಿಗೆ ಪೂರ್ತಿ ಚಾಚಿದಂಗೆ. ಅರ್ಧ ದುಡ್ಡು ಮುಂಗಡ ಬರೋತನಕ ಬಿದಿರು ಸೀಳಲ್ಲ ಅಂದಿದ್ದೇನೆ.