ಕೆಲಸ ಹೋಗಿದೆ ಅಂತ ಮನೇಲಿ ಹೇಳೋದು ಹೇಗೆ

ಮೊದಲು ಟಿಫನ್ ಬಾಕ್ಸ್ ಕಟ್ಟಿಸಿಕೊಳ್ಳೋದನ್ನ ನಿಲ್ಲಿಸಿ. ನಾನು 11 ದಿನ ಕಟ್ಟಿಸಿಕೊಂಡೆ. ಗಾರ್ಮೆಂಟ್ಸ್ ಕೆಲಸ ಹೋಗಿತ್ತು, ಆದರೂ ಬೆಳಿಗ್ಗೆ ಎಂಟೂವರೆಗೆ ಬೈಕ್ ಹತ್ತಿ ನಮ್ಮ ದಾವಣಗೆರೆಯ ಕುಂದುವಾಡ ಕೆರೆ ಹತ್ತಿರ ಹೋಗಿ ಕೂರುತ್ತಿದ್ದೆ, ವಾಕಿಂಗ್ ಬಂದವರು ಗುರುತು ಹಿಡಿದರೆ ಅಂತ ಚಿತ್ರಾನ್ನ ತಿನ್ನುವಾಗ ಬಿಟ್ಟರೆ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಹೆಂಡತಿಗೆ ಮೂರನೇ ದಿನವೇ ಗೊತ್ತಾಗಿತ್ತಂತೆ. ಒಗೆಯೋಕೆ ಹಾಕಿದ ಪ್ಯಾಂಟಿಗೆ ದಾರದ ಚೂರು ಒಂದೂ ಅಂಟಿರಲಿಲ್ಲ.

'ದಿ ಸಿಂಪ್ಸನ್ಸ್' ಕಾರ್ಟೂನಿನಲ್ಲಿ 1990ರ ಜನವರಿಯಲ್ಲಿ ಬಂದ ಒಂದು ಕಂತಿದೆ, ಸಿಕ್ಕರೆ ನೋಡಿ. ಅಣು ಸ್ಥಾವರದ ಕೆಲಸ ಹೋದ ಹೋಮರ್ ಸೋಫಾ ಬಿಟ್ಟು ಏಳೋದಿಲ್ಲ, ಹೆಂಡತಿ ಮಾರ್ಜ್ ಸಪ್ಲೈಯರ್ ಕೆಲಸಕ್ಕೆ ಹೋಗುತ್ತಾಳೆ, ಇವನು ಬಿಯರಿಗೆ ಕಾಸಿಲ್ಲ ಅಂತ ಮಗನ ಹುಂಡಿ ಒಡೆಯುತ್ತಾನೆ. ಆಮೇಲೆ ಚೀಟಿ ಬರೆದಿಟ್ಟು ಸಾಯೋಕೆ ಹೊರಡುತ್ತಾನೆ. ಕೊನೆಗೆ ಅದೇ ಸ್ಥಾವರದಲ್ಲಿ ಇನ್ನೂ ಒಳ್ಳೆ ಸಂಬಳದ ಕೆಲಸ! ಅಲ್ಲಿ ನನಗೆ ಸ್ವಲ್ಪ ಮೋಸ ಅನಿಸಿತು. ಸಂಬಳ ಬಂದರೇನೇ ಮರ್ಯಾದೆನಾ? ನನಗೆ ಇಷ್ಟವಾಗಿದ್ದು ನಡುವಿನ ಭಾಗ, ಕಾಸಿಲ್ಲದಾಗಲೇ ಅವನು ಊರಿನ ರಸ್ತೆಗೆ ಸ್ಟಾಪ್ ಬೋರ್ಡ್ ಹಾಕಿಸುತ್ತಾನಲ್ಲ, ಅದು.

ಸರಿ, ಹೇಳೋದು ಹೇಗೆ? ಮಕ್ಕಳು ಮಲಗಿದ ಮೇಲೆ, ಟಿವಿ ಆಫ್ ಮಾಡಿ. ಮೊದಲ ಮಾತಲ್ಲೇ ಹೇಳಿಬಿಡಿ: ಕೆಲಸ ಹೋಯ್ತು, ಇಂಥ ದಿನದಿಂದ. ನಾನು ಮ್ಯಾನೇಜರನ್ನ ಬೈಯೋದರಿಂದ ಶುರು ಮಾಡಿ ಇಪ್ಪತ್ತು ನಿಮಿಷ ಹಾಳು ಮಾಡಿದೆ. ಅವಳು ಕೇಳಿದ್ದು ಒಂದೇ, "ಅದೆಲ್ಲ ಬಿಡ್ರಿ, ಕೈಯಾಗ ಎಷ್ಟೈತಿ?" ಹಾಗಾಗಿ ಲೆಕ್ಕ ಮೊದಲೇ ಬರೆದಿಟ್ಟುಕೊಳ್ಳಿ. ಬಾಡಿಗೆ, ಬೈಕ್ ಕಂತು, ಸಂಘದ ಕಂತು, ಸ್ಕೂಲ್ ಫೀಸು. ಕೈಸಾಲ ಇದ್ದರೆ ಅದನ್ನೂ ಅವತ್ತೇ ಹೇಳಿ, ಎರಡನೇ ಸಲ ಗುಟ್ಟು ಹೊರಬಂದರೆ ಕಷ್ಟ.

ಬರಬೇಕಾದ ದುಡ್ಡನ್ನೂ ಬರೆಯಿರಿ. 5 ವರ್ಷ ತುಂಬಿದ್ದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ದುಡ್ಡು) ಕೇಳಿ, ಅದು ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿದ್ದಾರಾ ನೋಡಿ. ಹಾಕದಿದ್ದರೆ ಕೊನೆಯ ಪಿಎಫ್ ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು.

ನೆಂಟರು ಬಾಯಿಗೆ ಬಂದದ್ದು ಹೇಳುತ್ತಾರೆ. "ಗಂಡಸು ಮನೇಲಿ ಕೂತರೆ ಹೆಂಗೆ?" ಅಂತ ನಮ್ಮ ಮಾವನೇ ಕೇಳಿದರು. ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಕಾಟನ್ ಮಿಲ್‌ಗಳು ಬಾಗಿಲು ಹಾಕಿದಾಗ ಹೊರಗೆ ಬಂದವರೆಲ್ಲ ಗಂಡಸರೇ ಅಲ್ಲ ಅಂತೀರಾ ಮಾವ, ಅಂದೆ. ಸುಮ್ಮನಾದರು, ಪೂರ್ತಿ ಒಪ್ಪಿದರು ಅಂತಲ್ಲ.

ಹೋಮರ್ ತರ ಸಾಯೋ ಯೋಚನೆ ಒಂದು ಸಲ ಬಂದರೂ ತಡ ಮಾಡಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ಮನೆ ಕೆಲಸ ಒಂದನ್ನ ಪೂರ್ತಿ ನಿಮ್ಮದು ಮಾಡಿಕೊಳ್ಳಿ, 'ಹೆಲ್ಪ್ ಮಾಡ್ತೀನಿ' ಅನ್ನಬೇಡಿ. ನಾನು ಹಿಡಿದಿದ್ದು ಮಗಳ ಬಾಕ್ಸ್. ಮೊದಲ ದಿನ ಚಿತ್ರಾನ್ನಕ್ಕೆ ಉಪ್ಪು ಜಾಸ್ತಿ ಆಗಿ ಅರ್ಧ ವಾಪಸ್ ಬಂತು.