ಮುರಿದ ಏರಿಯಲ್‌ಗೆ ಹಿತ್ತಾಳೆ ತಂತಿ

ಜರ್ಮನ್ ಪ್ಯಾಂಜರ್ 3 ಕಮಾಂಡ್ ಟ್ಯಾಂಕಿನ (ದಳಪತಿ ಕೂತು ಆದೇಶ ಕೊಡುವ ಟ್ಯಾಂಕ್) 1:35 ಅಳತೆಯ, ಅಂದರೆ ನಿಜವಾದದ್ದರ 35ನೇ ಒಂದು ಪಾಲಿನ, ಪ್ಲಾಸ್ಟಿಕ್ ಮಾಡೆಲ್ ಜೋಡಿಸುತ್ತಿದ್ದೆ. ಎರಡನೇ ಮಹಾಯುದ್ಧದ ಶುರುವಿನ ಮಾದರಿ. ನಿಜವಾದ ಟ್ಯಾಂಕಿನ ಒಳಗೆ ರೇಡಿಯೋಗಳಿಗೆ ಜಾಗ ಬೇಕಿತ್ತು, ಹಾಗಾಗಿ ಅದರ ಫಿರಂಗಿಯೂ ಬರೀ ಡಮ್ಮಿ! ಇದರ ಗುರುತೇ ಹಿಂದೆ ಎಂಜಿನ್ ಮೇಲೆ ನಿಂತ ಕಟಕಟೆಯಂಥ ಏರಿಯಲ್ (ರೇಡಿಯೋ ಆಂಟೆನಾ). ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಫ್ರೇಮಿನಿಂದ ಕತ್ತರಿಸುವಾಗ ಅದೇ ಮೂರು ತುಂಡಾಯಿತು.

ಸೂಪರ್ ಗ್ಲೂ ಹಚ್ಚಿದೆ. ಎರಡು ಸಲ ಬಿಟ್ಟುಕೊಂಡಿತು. ತುದಿಗೆ ತುದಿ ಅಂಟಿಸಿದರೆ ಹಿಡಿತ ಎಲ್ಲಿಂದ ಬರಬೇಕು, ಅಲ್ವಾ? ಕೊನೆಗೆ 0.5 ಮಿ.ಮೀ. ಹಿತ್ತಾಳೆ ತಂತಿ ತಂದೆ. ಮುರಿದ ತುಂಡುಗಳನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು, ಅದರಂತೆ ಬಗ್ಗಿಸಿದೆ. ಏರಿಯಲ್ ಹೊರುವ ಕಂಬಗಳಲ್ಲಿ ಕೈ ಡ್ರಿಲ್‌ನಿಂದ ಸಣ್ಣ ತೂತು ಕೊರೆದು, ತಂತಿ ತೂರಿಸಿ, ಆಮೇಲೆ ಒಂದೇ ಹನಿ ಗ್ಲೂ. ಬಣ್ಣ ನಿಲ್ಲಲೆಂದು ಮೊದಲು ಪ್ರೈಮರ್ ಹೊಡೆದೆ. ಈಗ ಕೈ ತಗುಲಿದರೆ ಸ್ವಲ್ಪ ಬಾಗುತ್ತದೆ, ಮುರಿಯುವುದಿಲ್ಲ.