ಹದಿನೈದು ತುಂಬಿದ ಕಾರ್ವೆಟ್ ಗಡಿ ದಾಟಿದ ಲೆಕ್ಕ

ಅಮೆರಿಕದಿಂದ ಕೆನಡಾಕ್ಕೆ ಕಾರು ತರುವ ಕೆಲಸ ದಲ್ಲಾಳಿಯಿಲ್ಲದೆ ಆಗುವುದಿಲ್ಲ, ಅದರಲ್ಲೂ ಷೆವ್ರೊಲೆಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್ ಝಡ್06ನಂಥ ಗಾಡಿಗೆ ಕೈಹಾಕಿದರೆ ಉಳಿಯುವ ಹಣವೆಲ್ಲ ಸುಂಕಕ್ಕೂ ತಪಾಸಣೆಗೂ ಹೋಗುತ್ತದೆ ಎಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸ್ಸಿಸಾಗಾದಲ್ಲಿರುವ ನಮ್ಮ ಗೆಳೆಯರ ಬಳಗ ಒಕ್ಕೊರಲಿನಿಂದ ಹೇಳಿತ್ತು. 2008ರ ಮಾದರಿಯ ಆ ಕಾರು 2023ರ ಬೇಸಿಗೆಯಿಂದ ನನ್ನ ಗ್ಯಾರೇಜಿನಲ್ಲಿದೆ, ಮತ್ತು ಆಮದು ದಲ್ಲಾಳಿಗೆಂದು ನಾನು ಒಂದು ಡಾಲರನ್ನೂ ಕೊಟ್ಟಿಲ್ಲ. ಈಗ ಅದೇ ಬಳಗದ ಇಬ್ಬರು ನನ್ನ ಕಾಗದಗಳ ಪ್ರತಿ ಕೇಳುತ್ತಿರುವುದರಿಂದ ನಡೆದದ್ದನ್ನು ನೆನಪಿದ್ದಷ್ಟು ಬರೆದಿಡುತ್ತಿದ್ದೇನೆ.

ನನ್ನ ಇಡೀ ಯೋಜನೆ ನಿಂತಿದ್ದು ಗಾಡಿಯ ವಯಸ್ಸಿನ ಮೇಲೆ. ಹದಿನೈದು ವರ್ಷ ತುಂಬದ ಗಾಡಿಯಾದರೆ ಆಮದು ವಾಹನಗಳ ನೋಂದಣಿ ಸಂಸ್ಥೆಯಾದ ಆರ್‌ಐವಿಯ ಶುಲ್ಕ, ಪ್ರವೇಶಾರ್ಹ ಗಾಡಿಗಳ ಪಟ್ಟಿಯ ಪರಿಶೀಲನೆ, ತಯಾರಕರಿಂದ ರೀಕಾಲ್ (ದೋಷ ಸರಿಪಡಿಸಲು ಗಾಡಿ ವಾಪಸು ಕರೆಯುವುದು) ಬಾಕಿಯಿಲ್ಲವೆಂಬ ಪತ್ರ, 45 ದಿನಗಳೊಳಗಿನ ತಪಾಸಣೆ ಎಲ್ಲವನ್ನೂ ಎದುರಿಸಬೇಕು. ಹದಿನೈದು ತುಂಬಿದ್ದರೆ ಇವು ಯಾವುವೂ ಇಲ್ಲ. ಆದರೆ ಲೆಕ್ಕಕ್ಕೆ ಬರುವುದು ಮಾದರಿ ವರ್ಷವಲ್ಲ, ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿನ ತಯಾರಿಕೆಯ ತಿಂಗಳು. 2023ರ ವಸಂತದಲ್ಲಿ 2008ರ ಮಾದರಿಯ ಕೆಲವು ಗಾಡಿಗಳು ಅರ್ಹವಾಗಿದ್ದವು, ಕೆಲವಕ್ಕೆ ಇನ್ನೂ ತಿಂಗಳೊಪ್ಪತ್ತು ಬಾಕಿಯಿತ್ತು. ಆದ್ದರಿಂದ ಬೆಲೆ ಕೇಳುವ ಮೊದಲೇ ನಾನು ಆ ಚೀಟಿಯ ಫೋಟೋ ಕೇಳುತ್ತಿದ್ದೆ. ಅದನ್ನು ಕಳಿಸಲು ಬೇಸರಪಟ್ಟವರು ಮುಂದೆ ಟೈಟಲ್ ಕಾಗದ, ಅಂದರೆ ಮಾಲೀಕತ್ವದ ಪತ್ರ, ಕಳಿಸುವುದಕ್ಕೂ ಬೇಸರಪಡುವವರೇ ಎಂಬುದು ಬೇಗ ತಿಳಿಯಿತು.

ಮೊದಲು ಕುದುರಿದ್ದು ಫ್ಲಾರಿಡಾದ ಒಂದು ಕಪ್ಪು ಗಾಡಿ. ಮಾಲೀಕನ ಸಾಲ ತೀರಿರಲಿಲ್ಲ, ಟೈಟಲ್ ಬ್ಯಾಂಕಿನ ಹೆಸರಿನಲ್ಲಿ ಎಲೆಕ್ಟ್ರಾನಿಕ್ ರೂಪದಲ್ಲಿತ್ತು. ಸಾಲ ತೀರಿಸಿ, ಬ್ಯಾಂಕು ಹಕ್ಕು ಬಿಟ್ಟುಕೊಟ್ಟು, ಕಾಗದದ ಟೈಟಲ್ ಅಚ್ಚಾಗಿ ಬರಲು ವಾರಗಟ್ಟಲೆ ಬೇಕೆಂದಾಗ ಮುಂಗಡವನ್ನು ವಾಪಸು ಪಡೆಯುವುದೇ ಒಂದು ದೊಡ್ಡ ಕೆಲಸವಾಯಿತು. ಐನೂರರಲ್ಲಿ ಮುನ್ನೂರು ಮಾತ್ರ ಬಂತು. ಮೂಲ ಟೈಟಲ್ ಇಲ್ಲದೆ ಅಮೆರಿಕದ ಕಡೆಯ ರಫ್ತು ಮುದ್ರೆ ಬೀಳುವುದಿಲ್ಲವಾದ್ದರಿಂದ ಸಾಲವಿರುವ ಗಾಡಿಯನ್ನು ಆಮೇಲೆ ನಾನು ತಿರುಗಿಯೂ ನೋಡಲಿಲ್ಲ.

ಅನಂತರದ್ದು ಓಹಾಯೋದ ಗಾಡಿ; ಬೆಲೆ ಕಡಿಮೆ, ದಾರಿಯೂ ಹತ್ತಿರ. ಝಡ್06ರ ಎಲ್‌ಎಸ್7 ಎಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್‌ಗಳನ್ನು ನೇರವಾಗಿ ಹಿಡಿದಿಡುವ ಗೈಡ್‌ಗಳು ಬೇಗ ಸವೆಯುತ್ತವೆ ಎಂಬ ದೂರು ಹಳೆಯದು. ಸ್ಥಳೀಯ ಮೆಕ್ಯಾನಿಕ್‌ಗೆ ಇನ್ನೂರೈವತ್ತು ಡಾಲರ್ ಕೊಟ್ಟು ಅಲುಗಾಟದ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಗೈಡ್‌ಗಳು ಮಿತಿ ಮೀರಿ ಸವೆದಿದ್ದವು. ಎಂಜಿನ್‌ನ ಮೇಲ್ಭಾಗವಾದ ಹೆಡ್ ಇಳಿಸಿ ಸರಿಪಡಿಸಲು ಮೂರು ಸಾವಿರದ ಆಸುಪಾಸು ಬೇಕಿತ್ತು; ಮಾರುವವನು ಐನೂರಕ್ಕಿಂತ ಹೆಚ್ಚು ಇಳಿಸಲು ಒಪ್ಪಲಿಲ್ಲ. ಆ ಇನ್ನೂರೈವತ್ತನ್ನು ನಾನು ನಷ್ಟವೆಂದು ಎಣಿಸುವುದಿಲ್ಲ. ಇದಾದ ಮೇಲೆ ಹೆಡ್ ಕೆಲಸ ಆಗಿದ್ದಕ್ಕೆ ರಸೀದಿಯಿರುವ ಗಾಡಿಗಳನ್ನಷ್ಟೇ ಹುಡುಕಿದೆ. ಟೆನೆಸ್ಸೀಯ ನ್ಯಾಶ್‌ವಿಲ್ ಬಳಿಯ ಸಣ್ಣ ಡೀಲರ್ ಒಬ್ಬರ ಹತ್ತಿರ ಅಂಥದ್ದು ಸಿಕ್ಕಿತು: ಸುಮಾರು ನಲವತ್ತು ಸಾವಿರ ಮೈಲು ಓಡಿದ್ದು, ಚೌಕಾಸಿಯ ನಂತರ ಮೂವತ್ತೆಂಟೂವರೆ ಸಾವಿರ ಅಮೆರಿಕನ್ ಡಾಲರ್. ಝಡ್06ರ ಚಾಸಿ ಅಲ್ಯೂಮಿನಿಯಂ ಆಗಿರುವುದರಿಂದ ಉತ್ತರದ ಗಾಡಿ ಕೊಂಡರೂ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪಿನಿಂದ ತುಕ್ಕಿನ ಭಯವಿಲ್ಲ ಎನ್ನುವವರಿದ್ದಾರೆ. ಚಾಸಿಗೆ ಭಯವಿಲ್ಲದಿದ್ದರೂ ಬೋಲ್ಟುಗಳು ಮತ್ತು ಬ್ರೇಕಿನ ಕೊಳವೆಗಳು ಉಕ್ಕಿನವೇ ಎಂಬುದನ್ನು ಅವರು ಮರೆಯುತ್ತಾರೆ.

ಹಣ ಬದಲಾಯಿಸುವಲ್ಲಿ ಒಂದು ಪ್ರಯೋಗ ಮಾಡಿದೆ. ಬ್ಯಾಂಕಿನ ದರಕ್ಕೂ ಮಾರುಕಟ್ಟೆಯ ದರಕ್ಕೂ ಶೇಕಡಾ ಎರಡೂವರೆಯಷ್ಟು ಅಂತರವಿರುತ್ತದೆ, ಅಂದರೆ ಈ ಮೊತ್ತಕ್ಕೆ ಸಾವಿರದ ಮುನ್ನೂರು ಡಾಲರ್ ಸುಮ್ಮನೆ ಹೋಗುತ್ತದೆ. ಅದರ ಬದಲು ಟೊರೊಂಟೊ ಷೇರುಪೇಟೆಯಲ್ಲಿ ಅಮೆರಿಕನ್ ಡಾಲರನ್ನು ಅನುಸರಿಸುವ ಡಿಎಲ್‌ಆರ್ ನಿಧಿಯ ಘಟಕಗಳನ್ನು ಕೆನಡಾ ಡಾಲರಿನಲ್ಲಿ ಕೊಂಡು, ಅಮೆರಿಕನ್ ಡಾಲರಿನ ಖಾತೆಗೆ ವರ್ಗಾಯಿಸಿ ಮಾರಿದೆ. ನಾರ್ಬರ್ಟ್ಸ್ ಗ್ಯಾಂಬಿಟ್ ಎಂದು ಹೆಸರಾದ ಈ ವಿಧಾನಕ್ಕೆ ಒಂದು ವಾರ ಹಿಡಿಯಿತು, ಖರ್ಚು ಐವತ್ತು ಡಾಲರಿನೊಳಗೆ ಮುಗಿಯಿತು. ಆ ವಾರದಲ್ಲಿ ಗಾಡಿ ಕೈತಪ್ಪದಂತೆ ಡೀಲರನ್ನು ಮಾತಿನಲ್ಲಿ ಹಿಡಿದಿಟ್ಟುಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ ಇದನ್ನು ಹೇಳುತ್ತೇನೆ.

ದಲ್ಲಾಳಿಗಳು ಹೆದರಿಸುವುದು ಅಮೆರಿಕದ ಕಡೆಯ ರಫ್ತಿನ ಹೆಸರಿನಲ್ಲಿ. ಅಮೆರಿಕ ಸರ್ಕಾರದ ರಫ್ತು ದಾಖಲಾತಿ ವ್ಯವಸ್ಥೆಯಾದ ಎಇಎಸ್‌ನಲ್ಲಿ ವಿವರ ದಾಖಲಿಸಿ ಐಟಿಎನ್ ಎಂಬ ವಹಿವಾಟಿನ ಸಂಖ್ಯೆ ಪಡೆಯಬೇಕು, ಟೈಟಲ್ ಮತ್ತು ಖರೀದಿ ಪತ್ರದ ಪ್ರತಿಗಳು ನೀವು ದಾಟುವ ಸೇತುವೆಯ ರಫ್ತು ಕಚೇರಿಗೆ ಕನಿಷ್ಠ 72 ಗಂಟೆ ಮುಂಚೆ ತಲುಪಿರಬೇಕು. ಎಇಎಸ್ ದಾಖಲಾತಿಯನ್ನು ಮಾತ್ರ ಅಮೆರಿಕದ ಏಜೆಂಟ್ ಒಬ್ಬರಿಂದ ಮಾಡಿಸಿದೆ. ಎಪ್ಪತ್ತೈದೋ ಎಂಬತ್ತೋ ಡಾಲರ್ ಆಯಿತು. ಆ ಏಜೆಂಟ್ ಗಾಡಿಯ ಗುರುತಿನ ಸಂಖ್ಯೆಯಾದ ವಿಐಎನ್‌ನಲ್ಲಿ ಎರಡು ಅಂಕಿಗಳನ್ನು ಅದಲುಬದಲು ಮಾಡಿ ಕಳಿಸಿದ್ದರಿಂದ ಎಲ್ಲವೂ ಮತ್ತೆ ಮೊದಲಿನಿಂದ ಶುರುವಾಗಿ, ವಿಮಾನದ ಟಿಕೆಟ್ ಬದಲಾಯಿಸಲು ಇನ್ನೂರು ಡಾಲರ್ ದಂಡ ತೆತ್ತೆ. ಪೂರ್ತಿ ಹಣ ಕೊಡುವ ಮೊದಲೇ ಡೀಲರ್ ಸಹಿ ಮಾಡಿದ ಟೈಟಲಿನ ಪ್ರತಿಯನ್ನು ಕಳಿಸುವಂತೆ ಒಪ್ಪಿಸಿದ್ದು ಹೇಗೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಗಾಡಿಗೂ ನನಗೆ ಆ ಉಪಾಯ ಬೇಕು.

ತಾತ್ಕಾಲಿಕ ನಂಬರ್ ಫಲಕ ಹಾಕಿಸಿ, ಒಂಟಾರಿಯೊದ ನನ್ನ ವಿಮೆಗೆ ಗಾಡಿಯನ್ನು ಫೋನಿನಲ್ಲೇ ಸೇರಿಸಿ, ನ್ಯಾಶ್‌ವಿಲ್‌ನಿಂದ ಓಡಿಸಿಕೊಂಡೇ ಬಂದೆ. ಟ್ರಕ್ಕಿನಲ್ಲಿ ಹೇರಿಸಿದ್ದರೆ ಸಾವಿರದ ಐನೂರರ ಮೇಲಾಗುತ್ತಿತ್ತು. ದಾರಿಯಲ್ಲೇ ಬೌಲಿಂಗ್ ಗ್ರೀನ್ ಸಿಗುತ್ತದೆ. 1981ರಿಂದ ಕಾರ್ವೆಟ್‌ಗಳೆಲ್ಲ ತಯಾರಾಗುತ್ತಿರುವ ಊರಿನಲ್ಲಿ ಕಾಫಿಗಾದರೂ ನಿಲ್ಲದೆ ಬರಲು ಮನಸ್ಸಾಗಲಿಲ್ಲ. ಏಳು ಲೀಟರಿನ ಎಂಜಿನ್ ಪೆಟ್ರೋಲ್ ಕುಡಿದು ಮುಗಿಸುತ್ತದೆ ಎಂದಿದ್ದವರಿಗಾಗಿ ಪ್ರತಿ ಬಾರಿ ಟ್ಯಾಂಕ್ ತುಂಬಿಸಿದಾಗಲೂ ಬರೆದಿಟ್ಟುಕೊಂಡೆ: ಆರನೇ ಗೇರಿನಲ್ಲಿ ನೂರಹತ್ತರ ವೇಗಕ್ಕೆ ನೂರು ಕಿಲೋಮೀಟರಿಗೆ ಒಂಬತ್ತೂವರೆ ಲೀಟರ್ ಬಂತು.

ಗಡಿಯ ಲೂಯಿಸ್ಟನ್–ಕ್ವೀನ್ಸ್‌ಟನ್ ಸೇತುವೆಗೆ ವಾರದ ದಿನ ಬೆಳಗ್ಗೆಯೇ ತಲುಪುವಂತೆ ಪಯಣವನ್ನು ಹೊಂದಿಸಿದ್ದೆ. ಅಮೆರಿಕದ ಕಡೆ ಟೈಟಲಿಗೆ ಮುದ್ರೆ ಬೀಳಲು ಅರ್ಧ ಗಂಟೆ ಸಾಕಾಯಿತು. ಕೆನಡಾದ ಕಡೆ ವಾಹನ ಆಮದಿನ ಅರ್ಜಿಯಾದ ಫಾರಂ 1ರಲ್ಲಿ ವಯಸ್ಸಿನ ವಿನಾಯಿತಿ ಗುರುತಾಯಿತು. ವಿಐಎನ್ 1ರಿಂದ ಆರಂಭವಾಗುವುದರಿಂದ ಗಾಡಿ ಅಮೆರಿಕದಲ್ಲೇ ತಯಾರಾದದ್ದೆಂದು ಶೇಕಡಾ 6.1ರ ಸುಂಕ ಬೀಳಲಿಲ್ಲ. ಜಿಎಸ್‌ಟಿ ಶೇಕಡಾ 5 ಮತ್ತು ಹವಾನಿಯಂತ್ರಣಕ್ಕೆ ನೂರು ಡಾಲರ್ ಅಬಕಾರಿ ತೆರಿಗೆ ಕಟ್ಟಿದೆ. ಹೆಚ್ಚು ಇಂಧನ ಕುಡಿಯುವ ಗಾಡಿಗಳ ಹಸಿರು ತೆರಿಗೆಯ ಬಗ್ಗೆ ಅಧಿಕಾರಿ ಕೇಳಿದರು. ಅಮೆರಿಕದ ಮೈಲು-ಗ್ಯಾಲನ್ ಅಂಕಿಯನ್ನು ಪರಿವರ್ತಿಸಿದರೆ ಈ ಗಾಡಿ ಆ ತೆರಿಗೆ ಶುರುವಾಗುವ, ನೂರು ಕಿಲೋಮೀಟರಿಗೆ 13 ಲೀಟರಿನ ಗಡಿಯ ಮೇಲೆಯೇ ಬಂದು ಕೂರುತ್ತದೆ, ಕೆನಡಾ ಸರ್ಕಾರದ ಅಂಕಿಯಲ್ಲಿ ಅದಕ್ಕಿಂತ ಕೆಳಗಿದೆ. ಆ ಪುಟವನ್ನು ಮುದ್ರಿಸಿ ಒಯ್ದಿದ್ದೆ. ಅವರು ಅದನ್ನು ಓದಿ ಒಪ್ಪಿದರು, ಸಾವಿರ ಡಾಲರ್ ಉಳಿಯಿತು.

ಒಂಟಾರಿಯೊದಲ್ಲಿ ಸೇಫ್ಟಿ ಪ್ರಮಾಣಪತ್ರಕ್ಕಾಗಿ ಹಿಂದಿನ ಎರಡು ಟೈರ್ ಬದಲಾಯಿಸಬೇಕಾಯಿತು. 325 ಅಗಲದ ಟೈರಿನ ಬೆಲೆಯನ್ನು ಮನೆಯಲ್ಲಿ ಈವರೆಗೂ ಹೇಳಿಲ್ಲ. ನೋಂದಣಿಯ ಹೊತ್ತಿಗೆ ಪ್ರಾಂತ್ಯದ ಪಾಲಿನ ತೆರಿಗೆ ಶೇಕಡಾ 8 ಕಟ್ಟಿದೆ. ಎಲ್ಲ ಸೇರಿ, ವಿಫಲವಾದ ವ್ಯವಹಾರಗಳ ಖರ್ಚನ್ನೂ ಕೂಡಿಸಿ, ಅರವತ್ತೆರಡು ಸಾವಿರ ಕೆನಡಾ ಡಾಲರಿನ ಆಸುಪಾಸಾಯಿತು. ಇಲ್ಲಿ ಇದೇ ಸ್ಥಿತಿಯ ಗಾಡಿಗೆ ಅರವತ್ತನಾಲ್ಕು ಕೇಳುತ್ತಿದ್ದರು. ಎರಡೇ ಸಾವಿರಕ್ಕೆ ಇಷ್ಟು ಪಾಡೇ ಎಂದು ನಕ್ಕ ಗೆಳೆಯರು, ಇಲ್ಲಿನ ಖಾಸಗಿ ಮಾರಾಟದ ಮೇಲೂ ಶೇಕಡಾ 13 ತೆರಿಗೆಯಿದೆ ಎಂಬುದನ್ನು ಕೂಡಿಸಿರಲಿಲ್ಲ; ಅದನ್ನು ಸೇರಿಸಿದರೆ ಅಂತರ ಹತ್ತು ಸಾವಿರ.

ಇದು 2023ರ ಲೆಕ್ಕ. 2025ರ ಏಪ್ರಿಲ್‌ನಲ್ಲಿ ಕೆನಡಾ ಅಮೆರಿಕದ ವಾಹನಗಳ ಮೇಲೆ ಪ್ರತಿಸುಂಕ ಹಾಕಿರುವುದರಿಂದ, ಈಗ ತರಲು ಹೊರಟವರು ತಮ್ಮ ಗಾಡಿಗೆ ಅದು ಎಷ್ಟು ಬೀಳುತ್ತದೆಂದು ಗಡಿ ಸೇವೆಯವರಿಗೆ ವಿಐಎನ್ ಸಮೇತ ಫೋನ್ ಮಾಡಿ ಕೇಳಿದ ಮೇಲೆಯೇ ಮುಂಗಡ ಕೊಡುವುದು ಒಳ್ಳೆಯದು.